ಗ್ಯಾಸ್ ಮಾತ್ರೆ ಖಾಲಿ ಹೊಟ್ಟೆಗೇ ಯಾಕೆ? ಜೆಲುಸಿಲ್ ಒಂದೇ ಸಾಲದಾ?

ನಿಮ್ಮ ತಂದೆಯವರು ದಿನಾ ತಿಂಡಿ ಆದ ಮೇಲೆ ಪ್ಯಾಂಟೊಪ್ರಜೋಲ್ ಅನ್ನುವ ಗ್ಯಾಸ್ ಮಾತ್ರೆ ತಗೊಳ್ಳುತ್ತಾರೆ, ಆದರೂ ಎದೆ ಉರಿ ಹೋಗಿಲ್ಲ, ಜೆಲುಸಿಲ್ ಕುಡಿದರೆ ಮಾತ್ರ ತಕ್ಷಣ ಕಡಿಮೆ ಆಗುತ್ತದೆ ಅಂತ ಬರೆದಿದ್ದೀರಿ. ನಾನು ಮೆಡಿಕಲ್ ಸ್ಟೋರಿನಲ್ಲಿ ಫಾರ್ಮಸಿಸ್ಟ್. ಇದೇ ಮಾತನ್ನು ಕೌಂಟರಿನಲ್ಲಿ ದಿನಾ ಕೇಳುತ್ತೇನೆ. ತಪ್ಪು ಮಾತ್ರೆಯದ್ದಲ್ಲ, ತಗೊಳ್ಳುವ ಹೊತ್ತಿನದ್ದು ಅನಿಸುತ್ತದೆ.

ಜೆಲುಸಿಲ್, ಡೈಜೀನ್ ಎಲ್ಲ ಆಂಟಾಸಿಡ್. ಅದರಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಷಿಯಂ ಹೈಡ್ರಾಕ್ಸೈಡ್ ಹೊಟ್ಟೆಯಲ್ಲಿ ಆಗಲೇ ಇರುವ ಆಸಿಡ್‌ನ ಹುಳಿ ಮುರಿಯುತ್ತವೆ. ಸ್ವಲ್ಪ ಹೊತ್ತಿಗೇ ಹಾಯೆನಿಸುತ್ತದೆ, ಆದರೆ ಹೊಸ ಆಸಿಡ್ ಬರುವುದು ನಿಲ್ಲುವುದಿಲ್ಲ. ಮತ್ತೆ ಅದೇ ಉರಿ.

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಕೈಹಾಕುವುದು ಆಸಿಡ್ ಹುಟ್ಟುವ ಜಾಗಕ್ಕೆ. ಹೊಟ್ಟೆಯ ಗೋಡೆಯಲ್ಲಿ ಆಸಿಡ್ ಸುರಿಸುವ ಪುಟ್ಟ ಪುಟ್ಟ ಪಂಪುಗಳಿವೆ. ಈ ಮಾತ್ರೆ ಓಡುತ್ತಿರುವ ಪಂಪಿಗೆ ಬೀಗ ಹಾಕುತ್ತದೆ, ಸುಮ್ಮನಿರುವ ಪಂಪು ಅದರ ಕೈಗೆ ಸಿಗುವುದಿಲ್ಲ. ಪಂಪು ಜೋರಾಗಿ ಓಡುವುದು ನಾವು ತಿಂದಾಗ ಅಲ್ವಾ? ಆ ಹೊತ್ತಿಗೆ ಔಷಧಿ ರಕ್ತ ಸೇರಿರಬೇಕು. ಅದಕ್ಕೇ ತಿಂಡಿಗೆ 30 ನಿಮಿಷದಿಂದ 1 ಗಂಟೆ ಮುಂಚೆ ತಗೊಳ್ಳಿ ಅನ್ನುವುದು. ಒಂದೇ ದಿನಕ್ಕೆ ಎಲ್ಲ ಪಂಪೂ ಸಿಗಲ್ಲ. ಪೂರ್ತಿ ಗುಣ ಕಾಣಲು 3–4 ದಿನ ಬೇಕು.

ಮೊನ್ನೆ ಒಬ್ಬ ಅಜ್ಜಿ ನುಂಗೋಕೆ ಕಷ್ಟ ಅಂತ ಈ ಮಾತ್ರೆಯನ್ನು ಚಮಚದಲ್ಲಿ ಪುಡಿ ಮಾಡಿ ಕುಡಿಯುತ್ತಿದ್ದರು ಅಂತ ಗೊತ್ತಾಯಿತು. ಸ್ಟ್ರಿಪ್ಪಿನಿಂದ ಒಂದು ಮಾತ್ರೆ ತೆಗೆದು ಅಂಗೈ ಮೇಲಿಟ್ಟು ತೋರಿಸಿದೆ. ಹೊರಗಿನ ಹಳದಿ ಪದರ ಚೆಂದಕ್ಕೆ ಹಾಕಿದ್ದಲ್ಲ. ಅದು ಒಡೆದರೆ ಹೊಟ್ಟೆಯ ಆಸಿಡ್ಡೇ ಔಷಧಿಯನ್ನು ಕೆಡಿಸುತ್ತದೆ. ಅದು ಕರಗಬೇಕಾದ್ದು ಕರುಳಿನಲ್ಲಿ.

ರ‍್ಯಾನಿಟಿಡಿನ್, ಫಾಮೊಟಿಡಿನ್ ಬೇರೆ ಗುಂಪು. ಆಸಿಡ್ ಬಿಡು ಅಂತ ಮೈಯೊಳಗಿನ ಹಿಸ್ಟಮಿನ್ ಅನ್ನುವ ರಾಸಾಯನಿಕ ಕೊಡುವ ಸೂಚನೆಯನ್ನು ಅವು ತಡೆಯುತ್ತವೆ. 2022ರಲ್ಲಿ ಕೇಂದ್ರದ ಅಗತ್ಯ ಔಷಧಿಗಳ ಪಟ್ಟಿಯಿಂದ ರ‍್ಯಾನಿಟಿಡಿನ್ ಕೈಬಿಟ್ಟಿದ್ದಾರೆ.

ತಂದೆಯವರು ಥೈರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದರೆ ಜೆಲುಸಿಲ್‌ಗೂ ಅದಕ್ಕೂ 4 ಗಂಟೆ ಅಂತರ ಇರಲಿ, ಇಲ್ಲದಿದ್ದರೆ ಆ ಮಾತ್ರೆ ಮೈಗೆ ಸರಿಯಾಗಿ ಸೇರಲ್ಲ. ಮಂಡಿನೋವಿಗೆ ಡೈಕ್ಲೋಫೆನಾಕ್ ನುಂಗುತ್ತಿದ್ದಾರಾ, ದಯವಿಟ್ಟು ಕೇಳಿ. ಅದು ನೋವಿನ ಜೊತೆಗೆ ಹೊಟ್ಟೆಯ ಒಳಪದರ ಕಾಯುವ ಪ್ರೊಸ್ಟಗ್ಲಾಂಡಿನ್ ಅನ್ನೂ ಕಡಿಮೆ ಮಾಡುತ್ತದೆ. ಎಷ್ಟೋ ಮನೆಗಳಲ್ಲಿ ಉರಿಯ ಮೂಲ ಅದೇ. ಇನ್ನು ಪ್ಯಾಂಟೊಪ್ರಜೋಲ್ ಅನ್ನು ವರ್ಷಗಟ್ಟಲೆ ತಾವಾಗಿಯೇ ಮುಂದುವರಿಸುವುದು ಬೇಡ. ಬಿ12 ಕಡಿಮೆ ಆಗಬಹುದು, ಡಾಕ್ಟರನ್ನು ಕೇಳಿ.

ಉರಿಯ ಜೊತೆ ಬೆವರು, ಎಡಗೈ ಅಥವಾ ದವಡೆ ನೋವು ಬಂದರೆ ಮಾತ್ರ ಗ್ಯಾಸ್ ಅಂತ ಜೆಲುಸಿಲ್ ಕುಡಿಸುತ್ತಾ ಕೂರಬೇಡಿ. ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿ.