ಐದು ತುಂಬಿದರೆ ಮಗು ಅಪ್ಪನದಾ?

ಪ್ರಶ್ನೆ: ವಿಚ್ಛೇದನದ ಕೇಸು ನಡೆಯುತ್ತಿದೆ. ಮಗನಿಗೆ ಆರು ವರ್ಷ, ನನ್ನ ಜೊತೆಗಿದ್ದಾನೆ. ‘ಐದು ತುಂಬಿತು, ಇನ್ನು ಅವನು ನನ್ನವನು’ ಅಂತಾರೆ ಗಂಡ. ಜೀವನಾಂಶವನ್ನೂ ಕೊಡುತ್ತಿಲ್ಲ. ಮಗುವನ್ನು ತೋರಿಸಲೇಬೇಕಾ?
– ಓದುಗರು, ದಾವಣಗೆರೆ

ಉತ್ತರ: ಈ ‘ಐದು ವರ್ಷ’ದ ಮಾತನ್ನು ನನ್ನ ಆಫೀಸಿನಲ್ಲಿ ಎಷ್ಟು ಜನ ಹೇಳಿದ್ದಾರೋ! ಕಾನೂನಿನಲ್ಲಿ ಹಾಗಿಲ್ಲಮ್ಮ. ಐದರೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಇರಬೇಕು ಅನ್ನುತ್ತದೆ 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆ. ಐದು ತುಂಬಿದ ಕೂಡಲೇ ಅಪ್ಪನಿಗೆ ಒಪ್ಪಿಸಿ ಅಂತ ಎಲ್ಲೂ ಇಲ್ಲ. ಕೋರ್ಟು ನೋಡುವುದು ಮಗುವಿನ ಹಿತವನ್ನು. ಹಾಗಾಗಿ ಸ್ಕೂಲಿನ ಪ್ರೋಗ್ರೆಸ್ ಕಾರ್ಡು, ಫೀಸಿನ ರಸೀದಿ, ಲಸಿಕೆ ಕಾರ್ಡು ಜೋಡಿಸಿಡಿ.

ದುಡ್ಡು ಕೊಡಲಿಲ್ಲ ಅಂತ ಮಗುವನ್ನು ತೋರಿಸದೆ ಇರಬೇಡಿ. ಅದು ಬೇರೆ, ಇದು ಬೇರೆ. ಜೀವನಾಂಶಕ್ಕೆ ಪ್ರತ್ಯೇಕ ಅರ್ಜಿ ಹಾಕಿ. ಭೇಟಿಯ ವಿಷಯದಲ್ಲಿ ‘ಆಗಾಗ’ ಅನ್ನೋ ಪದ ಮಾತ್ರ ಒಪ್ಪಬೇಡಿ, ಜಗಳವೆಲ್ಲ ಅಲ್ಲೇ ಶುರು. ‘ಎರಡನೇ, ನಾಲ್ಕನೇ ಭಾನುವಾರ, ಬೆಳಿಗ್ಗೆ 10ರಿಂದ ಸಂಜೆ 5, ಕರೆದೊಯ್ಯುವುದೂ ಬಿಡುವುದೂ ಅಜ್ಜಿ ಮನೆಯಲ್ಲಿ, ದಸರಾ ರಜೆ ಅರ್ಧರ್ಧ’ – ಹೀಗೆ ಬರೆಸಿ. ವಿಡಿಯೋ ಕಾಲ್ ಹೊತ್ತನ್ನೂ ಸೇರಿಸಿ. ಮುಂದೆ ಪರಿಸ್ಥಿತಿ ಬದಲಾದರೆ ಆದೇಶ ಬದಲಿಸಿ ಅಂತ ಕೋರ್ಟನ್ನು ಕೇಳಬಹುದು.