ಮರಿಗಳಿಗೆ ಔಷಧಿ ಕೊಡದೆ ಬಿಟ್ಟರೆ ಗಟ್ಟಿ ತಳಿ ಸಿಗುತ್ತಾ?

ಮಂಗಗಳಿಂದ ತೋಟ ಕಾಯುವ ನಾಯಿ ಬೇಕು, ಮರಿಗಳಿಗೆ ಲಸಿಕೆ ಗಿಸಿಕೆ ಹಾಕಿಸದೆ ಬಿಟ್ಟರೆ ಬದುಕಿ ಉಳಿದದ್ದೇ ಒಳ್ಳೆ ತಳಿ ಅಂತ ಊರಲ್ಲಿ ಹೇಳುತ್ತಾರೆ, ಹೌದಾ ಎಂದು ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆಯವನು, ಅಡಿಕೆ ತೋಟ ಇದೆ, ನಾಯಿಗಳೂ ಇವೆ. ಹಾಗೆ ಉಳಿಯುವುದು ಗಟ್ಟಿ ನಾಯಿ ಇರಬಹುದು, ಕೆಲಸದ ನಾಯಿ ಅಂತ ಹೇಳೋಕಾಗಲ್ಲ.

ಚಿರತೆ ವಿಷಯವನ್ನೇ ನೋಡಿ. ಅದು ಹೊತ್ತುಕೊಂಡು ಹೋಗುವುದು ಯಾವ ನಾಯಿಯನ್ನು? ಕತ್ತಲಲ್ಲಿ ಸದ್ದಾದ ಕಡೆಗೆ ಬೊಗಳುತ್ತಾ ಅಂಗಳ ದಾಟಿ ಓಡುವುದನ್ನು. ಕೊಟ್ಟಿಗೆ ಮೂಲೆಯಲ್ಲಿ ಮುದುಡಿಕೊಂಡ ಪುಕ್ಕಲು ಬೆಳಿಗ್ಗೆ ಬಾಲ ಅಲ್ಲಾಡಿಸಿಕೊಂಡು ಅನ್ನಕ್ಕೆ ಹಾಜರ್. ಮುಂದಿನ ಸೂಲಿಗೆ ಅಪ್ಪ ಆಗುವುದೂ ಅದೇ. ಕಾಡಿನ ಲೆಕ್ಕದಲ್ಲಿ ಅದು ಜಾಣ ನಾಯಿ, ಆದರೆ ನಿಮಗೆ ಬೇಕಾದದ್ದು ಅದಲ್ಲ ಅಲ್ವಾ? ರಾತ್ರಿ ನಾಯಿಯನ್ನು ಗೂಡಿನೊಳಗೆ ಹಾಕಿ ಚಿಲಕ ಹಾಕಿ.

ಮರಿಗಳಿಗೆ ವಾಂತಿ ಭೇದಿ ಹತ್ತಿಸಿ ಕೊಲ್ಲುವ ಪಾರ್ವೊ ರೋಗವೂ ಅಷ್ಟೇ, ದೊಡ್ಡದಾದ ಮೇಲೆ ಮಂಗ ಅಟ್ಟುವ ಮರಿ ಯಾವುದು ಅಂತ ಕೇಳಿಕೊಂಡು ಬರುವುದಿಲ್ಲ. 6ರಿಂದ 8 ವಾರಕ್ಕೆ ಲಸಿಕೆ ಶುರು ಮಾಡಿ, 16 ವಾರದ ತನಕ ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸಬೇಕು. ತಾಯಿ ಹಾಲಿನಿಂದ ಬಂದ ರಕ್ಷಣೆ ಇರುವ ತನಕ ಲಸಿಕೆ ಸರಿಯಾಗಿ ನಾಟುವುದಿಲ್ಲ, ಅದಕ್ಕೇ ಮತ್ತೆ ಮತ್ತೆ. ಇನ್ನು 'ಪ್ರಕೃತಿಗೆ ಬಿಡೋದು' ಅನ್ನೋದೂ ಅರ್ಧ ಸುಳ್ಳು. ಪಶ್ಚಿಮ ಬಂಗಾಳದಲ್ಲಿ 364 ಬೀದಿ ಮರಿಗಳನ್ನು ಗಮನಿಸಿದಾಗ ಏಳು ತಿಂಗಳ ತನಕ ಬದುಕಿದ್ದು ಶೇ. 19 ಮಾತ್ರ. ಸತ್ತವುಗಳಲ್ಲಿ ಶೇ. 63ಕ್ಕೆ ಕಾರಣ ಮನುಷ್ಯರೇ.

ಉಣುಗನ್ನಂತೂ ಬಿಡಲೇಬೇಡಿ. ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದಿ, ಕುತ್ತಿಗೆ ಪಟ್ಟಿಯ ಕೆಳಗೆ ಬೆರಳಾಡಿಸಿ ನೋಡಿ. ಒಸಡು ಬಿಳಿಚಿಕೊಂಡು, ಊಟ ಬಿಟ್ಟು ಮಲಗಿದರೆ ಉಣುಗು ಜ್ವರ ಇರಬಹುದು, ಡಾಕ್ಟರ ಹತ್ತಿರ ಓಡಿ. ಬರಿಗೈಯಲ್ಲಿ ಹಿಸುಕಬೇಡಿ. 1957ರಲ್ಲಿ ಮನುಷ್ಯರಿಗೂ ಬರುವ ಮಂಗನ ಕಾಯಿಲೆ ಮೊದಲು ಕಂಡದ್ದು ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲೇ, ಅದನ್ನು ಹರಡುವುದೂ ಉಣುಗೇ.

ಹಾಗಾದರೆ ಬಿಗಿ ಬೇಕಾದದ್ದು ಎಲ್ಲಿ? ಬೆದೆ ಸಮಯದಲ್ಲಿ. ಬದುಕಿಸುವಾಗ ಎಲ್ಲಾ ಮರಿಗಳನ್ನೂ ಬದುಕಿಸಿ, ಮರಿ ಹಾಕಿಸುವಾಗ ಮಾತ್ರ ಆರಿಸಿ. ಎರಡು ವರ್ಷ ಕೆಲಸ ನೋಡಿ. ಕೆಲವು ನಾಯಿ ಮಂಗ ಹತ್ತಿದ ಮೊದಲ ಮರದ ಬುಡದಲ್ಲೇ ನಿಂತು ಗಂಟಲು ಹರಿದುಕೊಳ್ಳುತ್ತವೆ. ಅಷ್ಟರಲ್ಲಿ ಮಂಗಗಳು ಹತ್ತು ಮರ ದಾಟಿರುತ್ತವೆ. ಒಳ್ಳೆಯದು ತಲೆ ಎತ್ತಿಕೊಂಡೇ ಬಸಿಗಾಲುವೆ ಹಾರಿ, ಅವುಗಳ ಕೆಳಗೇ ಓಡುತ್ತೆ, ಕೂಗಿದರೆ ವಾಪಸ್ ಬರುತ್ತೆ, ಕರುವಿನ ತಂಟೆಗೆ ಹೋಗಲ್ಲ. ವರ್ಷವಿಡೀ ಚರ್ಮ ಕೆರೆಯುವುದು, ಒಂದೇ ಸೂಲಿನ ಎರಡು ಮೂರಕ್ಕೆ ಸೊಂಟದ ತೊಂದರೆ ಇರುವುದು, ಇಂಥವಕ್ಕೆ ಚಿಕಿತ್ಸೆ ಮಾಡಿಸಿ, ಸಾಕಿ, ಸಂತಾನಹರಣ ಆಪರೇಷನ್ ಮಾಡಿಸಿ. ಬ್ರಿಟನ್ನಿನ ಕುರಿಗಾರರ ಬಾರ್ಡರ್ ಕಾಲಿ ಅನ್ನೋ ನಾಯಿ ತಳಿ ಬೆಳೆದದ್ದೂ ಹೀಗೇ. 1906ರಲ್ಲಿ ಶುರುವಾದ ಅವರ ಸಂಘ ನೋಡಿದ್ದು ಕೆಲಸವನ್ನು, ಅಂದವನ್ನಲ್ಲ.

ಮುಧೋಳ ತರಲಾ ಅಂತಲೂ ಕೇಳಿದ್ದೀರಿ. ಚೆಂದದ ನಾಯಿ, ಆದರೆ ಅದು ಬಾಗಲಕೋಟೆಯ ಬಯಲಲ್ಲಿ ಕಣ್ಣಳತೆಯ ಬೇಟೆ ಬೆನ್ನಟ್ಟಲು ಆದದ್ದು. ನಮ್ಮ ಮಳೆ, ಕೆಸರು, ಮರಗಳ ಸಂದಿಗೆ ನಾನಂತೂ ತರಲ್ಲ. ಊರ ನಾಯಿಯೇ ಸಾಕು.

ಕಷ್ಟ ಇರುವುದು ಬೆದೆಯ ಆ ಮೂರು ವಾರ. ಊರಿನ ಗಂಡುಗಳೆಲ್ಲ ನಿಮ್ಮ ಅಂಗಳದಲ್ಲೇ ಇರುತ್ತವೆ, ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರೂ ಇರಬಹುದು. ಹೆಣ್ಣನ್ನು ಗಟ್ಟಿ ಬಾಗಿಲಿನ ಕೋಣೆಯಲ್ಲಿಡಿ. ನೀವು ಆರಿಸಿದ ಗಂಡು ಅಣ್ಣನೋ ಅಪ್ಪನೋ ಆಗದಿರಲಿ, ಹೊಳೆ ಆಚೆಯ ಊರಿಂದ ತಂದರೆ ಒಳ್ಳೆಯದು.