ತಮ್ಮನಿಗೆ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಇದೆ. ಮೂರು ಸಾಮಾನು ಹೇಳಿದರೆ ಒಂದೇ ತರುತ್ತಾನೆ, ಬೈದರೂ ಮುಖದಲ್ಲಿ ಏನೂ ಕಾಣಿಸಲ್ಲ. ಅವನಿಗೆ ಭಾವನೆಯೇ ಇಲ್ಲವಾ?

ಇದೆ. ಮುಖ ನೋಡಿ ಅಳೆಯಬೇಡಿ.

ನಾನು ಡಾಕ್ಟರಲ್ಲ. ನನ್ನ ಅಕ್ಕನಿಗೆ ಈ ಕಾಯಿಲೆ ಬಂದು ಹದಿನಾಲ್ಕು ವರ್ಷವಾಯಿತು. ಹಾಲು, ಕೊತ್ತಂಬರಿ, ಬೆಂಕಿಪೊಟ್ಟಣ ಅಂತ ಹೇಳಿ ಕಳಿಸಿದರೆ ನಮ್ಮಲ್ಲೂ ಹಾಲು ಮಾತ್ರ ಬರುತ್ತಿತ್ತು. "ಬೇಕಂತಲೇ ಮಾಡ್ತಾಳೆ" ಅಂತ ಅಮ್ಮ ರೇಗುತ್ತಿದ್ದಳು. ಆದರೆ ಹೈಸ್ಕೂಲಲ್ಲಿ ಕಲಿತ ಪದ್ಯಗಳನ್ನು ಅಕ್ಕ ಇವತ್ತಿಗೂ ತಪ್ಪಿಲ್ಲದೆ ಹೇಳುತ್ತಾಳೆ! ಅವಳಿಗೆ ಕೈಕೊಡುವುದು ಹಳೆಯ ನೆನಪಲ್ಲ. ಈಗಷ್ಟೇ ಕೇಳಿದ್ದನ್ನು ಕೆಲಸ ಮುಗಿಯುವವರೆಗೆ ಹಿಡಿದಿಟ್ಟುಕೊಳ್ಳುವ ನೆನಪು. ವರ್ಕಿಂಗ್ ಮೆಮೊರಿ ಅನ್ನುತ್ತಾರಲ್ಲ, ಅದು.

1992ರಲ್ಲಿ ಪಾರ್ಕ್ ಮತ್ತು ಹೋಲ್ಜ್‌ಮನ್ ಎಂಬ ಸಂಶೋಧಕರು ಇದನ್ನೇ ಪರೀಕ್ಷಿಸಿದ್ದರು. ಪರದೆಯ ಮೇಲೊಂದು ಗುರುತು ತೋರಿಸಿ, ಮರೆಮಾಡಿ, ಸ್ವಲ್ಪ ಹೊತ್ತು ಬಿಟ್ಟು ಅದು ಎಲ್ಲಿತ್ತು ಅಂತ ಕೇಳಿದಾಗ ಈ ಕಾಯಿಲೆಯವರು ಹೆಚ್ಚು ತಪ್ಪಿದರು. ಗುರುತು ಕಣ್ಣೆದುರೇ ಇದ್ದಾಗ ಆ ತೊಂದರೆ ಕಾಣಲಿಲ್ಲ. ಇದನ್ನು ಓದಿದ ದಿನವೇ ನಾನು ಅಕ್ಕನಿಗೆ ಚೀಟಿ ಬರೆದುಕೊಡಲು ಶುರುಮಾಡಿದೆ.

ಇನ್ನು ಭಾವನೆ. ಕ್ರಿಂಗ್ ಮತ್ತು ನೀಲ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗಿಗಳಿಗೂ ಬೇರೆಯವರಿಗೂ ಸಿನಿಮಾ ತುಣುಕುಗಳನ್ನು ತೋರಿಸಿದ್ದರು. ರೋಗಿಗಳ ಮುಖದಲ್ಲಿ ಕಂಡದ್ದು ಕಡಿಮೆ. ಏನನ್ನಿಸಿತು ಅಂತ ಕೇಳಿದರೆ ಎಲ್ಲರಷ್ಟೇ ಅನ್ನಿಸಿತ್ತು. ಭಾವನೆ ಉಕ್ಕಿದಾಗ ಏರುವ ಚರ್ಮದ ಬೆವರಿನ ಅಳತೆಯಲ್ಲಂತೂ ಅವರ ಪ್ರತಿಕ್ರಿಯೆಯೇ ಜಾಸ್ತಿ! ಅಂದರೆ ನೀವು ಬೈದದ್ದು ನಿಮ್ಮ ತಮ್ಮನಿಗೆ ತಾಗಿಯೇ ಇರುತ್ತದೆ.

ಆದರೆ ಈ ಕಾಯಿಲೆಯವರಿಗೆ ಅನ್ನಿಸಿದ್ದು ಮನಸ್ಸಲ್ಲಿ ಉಳಿಯುವುದೂ ಕಷ್ಟ, ಮುಂದೆ ಸಿಗುವ ಖುಷಿಯನ್ನು ಈಗಲೇ ಊಹಿಸಿಕೊಳ್ಳುವುದೂ ಕಷ್ಟ. ಅಣ್ಣನ ಮಗಳ ನಾಮಕರಣಕ್ಕೆ ಬರಲ್ಲ ಅಂತ ಹಟ ಹಿಡಿದಿದ್ದ ಅಕ್ಕ, ಅಲ್ಲಿಗೆ ಹೋದ ಮೇಲೆ ಮಗುವನ್ನು ತೊಡೆಯಿಂದ ಇಳಿಸಲೇ ಇಲ್ಲ. ಈಗ ನಾವು "ಬರ್ತೀಯಾ?" ಅಂತ ಕೇಳುವುದಿಲ್ಲ, "ಹೊರಡೋಣ, ಸೀರೆ ತೆಗೆದಿಟ್ಟಿದ್ದೀನಿ" ಅನ್ನುತ್ತೇವೆ.

ಬೈಯುವುದನ್ನು ಮಾತ್ರ ದಯವಿಟ್ಟು ಬಿಡಿ. ಮನೆಯವರ ಟೀಕೆ, ಸಿಡಿಮಿಡಿ ಹೆಚ್ಚಿರುವಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು ಅಂತ 1972ರಷ್ಟು ಹಿಂದೆಯೇ ಲಂಡನ್ನಿನ ಅಧ್ಯಯನವೊಂದು ತೋರಿಸಿದೆ. ಮಾತ್ರೆಗಳಿಂದ ಈ ಕಾಯಿಲೆಯಲ್ಲಿ ಕಾಣುವ ಅನುಮಾನ, ಯಾರೂ ಮಾತಾಡದಿದ್ದರೂ ಕಿವಿಯಲ್ಲಿ ಕೇಳುವ ಧ್ವನಿ ಇಳಿಯುತ್ತವೆ; ಈ ಮರೆವಿಗೆ ಅಷ್ಟಾಗಿ ಉಪಯೋಗವಿಲ್ಲ. ಹಾಗಂತ ನಿಲ್ಲಿಸಬೇಡಿ. ತೋರಿಸುತ್ತಿರುವ ಡಾಕ್ಟರ ಹತ್ತಿರ ಮರೆವಿನ ವಿಷಯವನ್ನು ಬೇರೆಯಾಗಿಯೇ ಎತ್ತಿ, ಇದಕ್ಕೆ ತರಬೇತಿಗಳಿವೆ.

ಚೀಟಿ ಕೊಟ್ಟು ಕಳಿಸಿ. ಅವನು ಗೇಟು ದಾಟುವಾಗ "ಹಾಗೇ ಕರಿಬೇವೂ ತಗೊಂಡು ಬಾ" ಅಂತ ಹಿಂದಿನಿಂದ ಕೂಗಬೇಡಿ. ನಮ್ಮಮ್ಮ ಈಗಲೂ ಕೂಗ್ತಾಳೆ.